ದ್ವೀಪಕ್ಕೆ ಹೊರಟವರ ಈರುಳ್ಳಿ ಚೀಲ

ಮೂರನೇ ದಿನ ಬೆಳಿಗ್ಗೆ ನಾವು ಚಾ ಕುಡಿಯುತ್ತಾ ಕೂತಿದ್ದಾಗ ಬಾಗಿಲ ಬಳಿ ಒಬ್ಬಳು ಹುಡುಗಿ ಬಂದು ನಿಂತಳು. ಏಳೆಂಟು ವರ್ಷ ಇರಬಹುದು. ಕೈಯಲ್ಲೊಂದು ಸ್ಟೀಲಿನ ಬಟ್ಟಲು. ಅವರ ಮಾತು ಜೆಸರಿ, ನಮ್ಮದು ಬ್ಯಾರಿ. ಎರಡೂ ಮಲಯಾಳಕ್ಕೆ ಹತ್ತಿರದವು, ನಿಧಾನವಾಗಿ ಆಡಿದರೆ ಮುಕ್ಕಾಲು ಪಾಲು ಅರ್ಥವಾಗ್ತದೆ. ಎರಡು ಈರುಳ್ಳಿ ಇದ್ದರೆ ಕೊಡಬೇಕಂತೆ, ಉಮ್ಮ ಕಳಿಸಿದ್ದಂತೆ, ಅಂಗಡಿಯಲ್ಲಿ ಮುಗಿದಿದೆಯಂತೆ.

ಅಂಗಡಿಯಲ್ಲಿ ಮುಗಿದದ್ದು ಯಾಕೆ ಅಂತ ನಮಗೆ ಗೊತ್ತಿತ್ತು. ಬಂದ ದಿನವೇ ಅಲ್ಲಿದ್ದ ಐದು ಕಿಲೋವನ್ನು ಪೂರಾ ತೂಗಿಸಿಕೊಂಡು ಬಂದವರು ನಾವೇ. "ಇಷ್ಟೇ ಇರುವುದಾ?" ಅಂತ ಬೇರೆ ಕೇಳಿದ್ದೆವು. ಅಂಗಡಿಯವರು ನಮ್ಮ ಮುಖ ನೋಡಿ ಸುಮ್ಮನೆ ನಕ್ಕಿದ್ದರು. ಆ ನಗೆಯ ಅರ್ಥ ತಿಳಿಯಲಿಕ್ಕೆ ಈ ಮಗು ಬಟ್ಟಲು ಹಿಡಿದು ಬರಬೇಕಾಯಿತು. ಇನ್ನೊಂದು ವಿಷಯ. ಆ ಈರುಳ್ಳಿ ಇದ್ದ ಗೋಣಿಚೀಲದ ಮೇಲೆ ಕನ್ನಡ ಅಕ್ಷರ ಇತ್ತು. ನಮ್ಮ ಮಂಗಳೂರು ಬಂದರಿನಿಂದಲೇ ಮಂಜಿಯಲ್ಲಿ ಹೋದ ಮಾಲು. ನಮ್ಮ ಮನೆಯಿಂದ ಬಂದರಿಗೆ ಆಟೋದಲ್ಲಿ ಹದಿನೈದು ನಿಮಿಷ. ಹಾಗಿದ್ದೂ ಮಂಗಳೂರಿನ ಈರುಳ್ಳಿಯನ್ನು ಅರಬ್ಬಿ ಸಮುದ್ರದ ನಡುವೆ ಹೋಗಿ ಕೊಂಡುಕೊಂಡಿದ್ದೆವು. ಅದೂ ಇನ್ನೊಬ್ಬರ ಒಲೆಯ ಪಾಲಿನದು.

ಇದು ಲಕ್ಷದ್ವೀಪದ ಕಡಮತ್ ದ್ವೀಪದಲ್ಲಿ ನಡೆದದ್ದು. ಕಳೆದ ಡಿಸೆಂಬರ್ ರಜೆಗೆ ನಾವು ಆರು ಮಂದಿ ಹೋಗಿದ್ದೆವು: ಅಕ್ಕ, ಭಾವ, ಅವರ ಮಗ ಮತ್ತು ಮಗಳು, ಮತ್ತೆ ನಾವು ಗಂಡ ಹೆಂಡತಿ. ಹುಚ್ಚು ಹತ್ತಿದ್ದು ಅಕ್ಕನ ಮಗನಿಗೆ. ಮುರ್ಡೇಶ್ವರದ ನೇತ್ರಾಣಿಯಲ್ಲಿ ಒಮ್ಮೆ ಸ್ಕೂಬಾ ಡೈವಿಂಗ್ ಮಾಡಿ ಬಂದವನಿಗೆ ಮತ್ತೆ ನೆಲದ ಮೇಲೆ ಮನಸ್ಸೇ ನಿಲ್ಲಲಿಲ್ಲ. ಬಂದರಿನ ವ್ಯಾಪಾರದಲ್ಲಿ ಭಾವನಿಗೆ ಹಳೆಯ ಗುರುತಿರುವ ದ್ವೀಪದ ಕುಟುಂಬವೊಂದು ಎರಡು ಕೋಣೆ, ಒಂದು ಅಡುಗೆಮನೆ ಕೊಡುವುದಾಗಿ ಒಪ್ಪಿತು. ಊಟ ನಮ್ಮದೇ. "ಹೋಟೆಲಿನ ಖರ್ಚಿಲ್ಲ, ಮನೆಯ ಹಾಗೆ ಬೇಯಿಸಿ ತಿನ್ನಬಹುದು" ಅಂತ ಹೆಂಗಸರಿಗೂ ಖುಷಿ. ಈಗ ನಮ್ಮ ಜನರೂ ಗಲ್ಫಿಗೆ ಮಾತ್ರ ಅಲ್ಲ, ರಜೆ ಕಳೆಯಲೂ ಹೋಗ್ತಾರಲ್ಲ. ಹಾಗೆ ಹೋಗುವವರಿಗೆ ಉಪಯೋಗವಾಗಲಿ ಎಂದು ನಾವು ಮಾಡಿದ ತಪ್ಪುಗಳನ್ನೆಲ್ಲ ಬರೆಯುತ್ತಿದ್ದೇವೆ.

ಮೊದಲು ಜಾಗದ ಅಂದಾಜು ಬೇಕು. ಲಕ್ಷದ್ವೀಪದ ಎಲ್ಲ ದ್ವೀಪಗಳ ನೆಲ ಕೂಡಿಸಿದರೆ ಬರೇ 32 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಅಲ್ಲಿದ್ದವರು 64,473 ಮಂದಿ. ಕಡಮತ್ ಉದ್ದವಾಗಿ ಸಪೂರವಾಗಿ ಮಲಗಿದ ದ್ವೀಪ, ಅತಿ ಅಗಲದ ಕಡೆಯೂ ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಗದ್ದೆ ಇಲ್ಲ, ಹೊಳೆ ಇಲ್ಲ. ಹವಳದ ಪುಡಿಯೇ ಅಲ್ಲಿನ ಮಣ್ಣು. ತೆಂಗು ಚೆನ್ನಾಗಿ ಬೆಳೆಯುತ್ತದೆ. ಬಾಳೆ, ಪಪ್ಪಾಯಿ, ನುಗ್ಗೆ, ಜೀಗುಜ್ಜೆ ಮನೆಮಟ್ಟಿಗೆ ಆಗ್ತದೆ. ಸಮುದ್ರ ಮೀನು ಕೊಡುತ್ತದೆ. ಉಳಿದದ್ದೆಲ್ಲ, ಅಂದರೆ ಅಕ್ಕಿ, ಬೇಳೆ, ಸಕ್ಕರೆ, ಈರುಳ್ಳಿ, ಟೊಮೆಟೊ, ಗ್ಯಾಸಿನ ಸಿಲಿಂಡರ್, ಸಿಮೆಂಟ್, ಮದುವೆಯ ಕಪಾಟು, ಎಲ್ಲವೂ ದೋಣಿಯಲ್ಲಿ ಬರಬೇಕು.

ಆ ದೋಣಿಗಳಲ್ಲಿ ದೊಡ್ಡ ಪಾಲು ನಮ್ಮ ಹಳೇ ಬಂದರಿನವು. ಈ ಸಂಬಂಧ ಇಂದು ನಿನ್ನೆಯದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ, ಈ ಐದು ಸೇರಿದ ಅಮಿನ್‌ದೀವಿ ದ್ವೀಪಗಳು ಟಿಪ್ಪು ಸುಲ್ತಾನರ ಕಾಲದಲ್ಲಿ ಮೈಸೂರಿನ ಕೈಗೆ ಬಂದವು. 1799ರ ನಂತರ ಕಂಪೆನಿಯ ಆಡಳಿತದಲ್ಲಿ ಮಂಗಳೂರಿನಿಂದಲೇ ಅವುಗಳ ಕಾರುಬಾರು ನಡೆಯಿತು. 1956ರಲ್ಲಿ ಕೇಂದ್ರಾಡಳಿತ ಪ್ರದೇಶ ಆಗುವವರೆಗೂ ಅವು ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ದ್ವೀಪದವರು ತೆಂಗಿನ ನಾರು ತಂದು ಸರಕಾರಕ್ಕೆ ಕೊಡುವುದು, ಬದಲಿಗೆ ಅಕ್ಕಿ ಒಯ್ಯುವುದು, ಹಾಗೊಂದು ವ್ಯವಸ್ಥೆ ಬ್ರಿಟಿಷರ ಕಾಲದಲ್ಲಿ ಇತ್ತು. ಮಳೆಗಾಲದಲ್ಲಿ ಮಂಜಿಗಳ ಸಂಚಾರ ನಿಲ್ಲುತ್ತದೆ. ಆ ತಿಂಗಳುಗಳನ್ನು ದಾಟುವುದು ಹೇಗೆ ಎನ್ನುವುದು ಅಲ್ಲಿನ ಪ್ರತಿ ಮನೆಯ ಹೆಂಗಸಿಗೂ ಗೊತ್ತಿರುವ ವಿದ್ಯೆ. ಹಿಂದೆ ನಮ್ಮ ಮನೆಗಳಲ್ಲೂ ಗೊತ್ತಿತ್ತು. ಅದನ್ನು ಆಮೇಲೆ ಹೇಳುತ್ತೇವೆ.

ನಾವು ಏನು ಕಟ್ಟಿಕೊಂಡು ಹೋದೆವು ಅಂತ ಕೇಳಿ. ಹನ್ನೆರಡು ಕಿಲೋ ಕುಚ್ಚಲಕ್ಕಿ. ಬೇಕರಿಯ ರಸ್ಕ್, ಖಾರ, ಚಿಪ್ಸ್, ಎರಡು ಡಬ್ಬ ಹಲ್ವಾ. ನೂಡಲ್ಸ್ ಇಪ್ಪತ್ತು ಪ್ಯಾಕೆಟ್. ಕೋರಿ ರೊಟ್ಟಿ ನಾಲ್ಕು ಕಟ್ಟು, ಅದು ಹಡಗಿನಲ್ಲೇ ಪುಡಿಯಾಯಿತು. ತೆಂಗಿನೆಣ್ಣೆ ಎರಡು ಲೀಟರ್! ತೆಂಗಿನ ದ್ವೀಪಕ್ಕೆ ತೆಂಗಿನೆಣ್ಣೆ ಹೊತ್ತುಕೊಂಡು ಹೋದ ಬುದ್ಧಿವಂತರು ನಾವು. ಈರುಳ್ಳಿ, ತರಕಾರಿ ಮಾತ್ರ "ಭಾರ ಯಾಕೆ, ಅಲ್ಲೇ ತಗೊಂಡ್ರಾಯ್ತು" ಅಂತ ಬಿಟ್ಟೆವು.

ಲೆಕ್ಕ ಪೂರ್ತಿ ತಲೆಕೆಳಗು. ಅಲ್ಲಿ ಅಕ್ಕಿ ಸಿಗುತ್ತದೆ. ದೋಣಿ ತಡವಾದರೂ ತಿಂಗಳುಗಟ್ಟಲೆ ಹಾಳಾಗದ ವಸ್ತು ಅದು, ಎಲ್ಲರೂ ದಾಸ್ತಾನು ಇಡುತ್ತಾರೆ. ಸಕ್ಕರೆ, ಚಾಪುಡಿ, ಬೇಳೆಯೂ ಹಾಗೆಯೇ. ಮೊದಲು ಖಾಲಿಯಾಗುವುದು ಟೊಮೆಟೊ, ಹಸಿಮೆಣಸು, ಕೊತ್ತಂಬರಿ ಸೊಪ್ಪು. ಆಮೇಲೆ ಮೊಟ್ಟೆ, ಈರುಳ್ಳಿ, ಬಟಾಟೆ. ಅಂಗಡಿಯ ಹಲಗೆಯ ಮೇಲೆ ಕಾಣುವ ನಾಲ್ಕು ಕಿಲೋ ಈರುಳ್ಳಿಯನ್ನು ನಾವು ಅಂಗಡಿಯ ಸರಕು ಅಂತ ನೋಡುತ್ತೇವೆ. ಅದು ಮುಂದಿನ ದೋಣಿ ಬರುವ ತನಕ ಆ ಓಣಿಯ ಹತ್ತು ಮನೆಗಳಿಗೆ ಇರುವ ಈರುಳ್ಳಿ. ಹಣ ಕೊಟ್ಟೆವಲ್ಲ ಎಂದರೆ ಆಗುವುದಿಲ್ಲ. ಹಣ ಅವರಲ್ಲೂ ಉಂಟು, ಇಲ್ಲದ್ದು ಈರುಳ್ಳಿ.

ಕುಚ್ಚಲಕ್ಕಿಯ ಕಥೆ ಇನ್ನೂ ನಾಚಿಕೆಯದು. ಎರಡು ದಿನ ಗ್ಯಾಸಿನ ಮೇಲೆ ಮುಕ್ಕಾಲು ಗಂಟೆಗಿಂತ ಹೆಚ್ಚು ಹೊತ್ತು ಗಂಜಿ ಕೊತ ಕೊತ ಕುದಿಸಿದೆವು. ಮೂರನೇ ದಿನ ಮನೆಯೊಡತಿ ಏನೂ ಹೇಳದೆ ನಮ್ಮ ಅಕ್ಕಿಯ ಪಾತ್ರೆಯನ್ನು ಎತ್ತಿಕೊಂಡು ಹಿತ್ತಿಲಿನ ಕಟ್ಟಿಗೆ ಒಲೆಯ ಮೇಲಿಟ್ಟರು. ತೆಂಗಿನ ಮಡಲು, ಸಿಪ್ಪೆ, ಕರಟ ಹಾಕಿ ಬೆಂಕಿ ಮಾಡಿದರು. ಸಿಲಿಂಡರ್ ಕೂಡಾ ಹಡಗಿನಲ್ಲೇ ಬರುವುದು ಎಂದು ನಮಗೆ ಆಗ ಹೊಳೆಯಿತು. ಕುಚ್ಚಲಕ್ಕಿ ಇಲ್ಲದೆ ಆಗುವುದಿಲ್ಲ ಎನ್ನುವವರು ರಾತ್ರಿಯೇ ನೆನೆಸಿಡಿ, ಕುಕ್ಕರ್ ಒಯ್ಯಿರಿ. ಇಲ್ಲವಾದರೆ ಒಂದು ವಾರ ಬೆಳ್ತಿಗೆ ಅನ್ನ ಉಂಡರೆ ಏನೂ ಆಗುವುದಿಲ್ಲ. ಬೇಗ ಬೇಯುವ ಅವಲಕ್ಕಿ, ಶ್ಯಾವಿಗೆ, ನೀರು ದೋಸೆಗೆ ಅಕ್ಕಿ ಹಿಟ್ಟು, ಇವು ಒಳ್ಳೆಯದು.

ಬೇಳೆಯೂ ನಮಗೆ ಪಾಠ ಕಲಿಸಿತು. ತೊಗರಿಬೇಳೆ ಎಷ್ಟು ಕುದಿಸಿದರೂ ಕಲ್ಲಿನ ಹಾಗೆ. ಬೇಳೆಯದ್ದಲ್ಲ, ನೀರಿನ ದೋಷ. ಹವಳದ ದ್ವೀಪದಲ್ಲಿ ಮಳೆನೀರು ಇಳಿದು ಉಪ್ಪುನೀರಿನ ಮೇಲೆ ತೆಳು ಪದರವಾಗಿ ನಿಲ್ಲುತ್ತದೆ. ಬಾವಿಯಲ್ಲಿ ಸಿಗುವುದು ಆ ಪದರದ ನೀರು. ಹೆಚ್ಚು ಎಳೆದರೆ ಉಪ್ಪು ಮೇಲೆ ಬರುತ್ತದೆ. ಸುಣ್ಣದ ಅಂಶವೂ ಜಾಸ್ತಿ, ಅದರಲ್ಲಿ ಬೇಳೆ ಮೆತ್ತಗಾಗುವುದು ಕಷ್ಟ. ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಶುರುವಾಯಿತು, ದಿನಕ್ಕೆ ಒಂದು ಲಕ್ಷ ಲೀಟರಿನದು. ಆಳದ ತಣ್ಣನೆ ನೀರನ್ನೂ ಮೇಲಿನ ಬೆಚ್ಚನೆ ನೀರನ್ನೂ ಬಳಸಿ ಆವಿ ಹಿಡಿಯುವ ಉಪಾಯ ಅದು. 2011ರಲ್ಲಿ ಮಿನಿಕಾಯ್ ಮತ್ತು ಅಗತ್ತಿಯಲ್ಲೂ ಆಯಿತು. ನಾವಿದ್ದ ಮನೆಯಲ್ಲಿ ಕುಡಿಯಲು, ಬೇಳೆ ಬೇಯಿಸಲು ಮಳೆನೀರಿನ ಟ್ಯಾಂಕ್. ಸ್ನಾನಕ್ಕೆ, ಪಾತ್ರೆಗೆ ಬಾವಿ. ಮೊದಲ ದಿನ ನಮ್ಮ ಮಕ್ಕಳು ಡೈವಿಂಗಿನ ಬಟ್ಟೆಗಳನ್ನು ಟ್ಯಾಂಕಿನ ನೀರಲ್ಲಿ ಜಾಲಾಡಿಸಿದರು. ಮನೆಯಲ್ಲಿ ಯಾವ ನೀರು ಯಾವುದಕ್ಕೆ ಎಂದು ಹೊಸಿಲು ದಾಟುವಾಗಲೇ ಕೇಳಿಕೊಳ್ಳಿ. ತೊಗರಿಗಿಂತ ಮಸೂರ್ ಬೇಳೆ ಬೇಗ ಬೇಯುತ್ತದೆ, ಅದನ್ನು ಒಯ್ಯಿರಿ.

ಇನ್ನು ಡೈವಿಂಗಿನ ಹೊಟ್ಟೆಪಾಡು. ನೀರಿಗಿಳಿಯುವ ಮೊದಲು ಆರೋಗ್ಯದ ಪ್ರಶ್ನೆಗಳ ಒಂದು ಹಾಳೆ ತುಂಬಿಸುತ್ತಾರೆ. ಉಬ್ಬಸ, ಕಿವಿಯ ತೊಂದರೆ, ಹೃದಯ, ಶುಗರ್, ಬಿಪಿ, ಏನಾದರೂ ಒಂದಕ್ಕೆ ಹೌದು ಅಂದರೆ ವೈದ್ಯರ ಸಹಿ ಬೇಕು. ಭಾವ ಬಿಪಿ ಮಾತ್ರೆ ತೆಗೆದುಕೊಳ್ಳುವವರು. ಊರಲ್ಲೇ ಡಾಕ್ಟರಿಂದ ಬರೆಸಿಕೊಂಡು ಬಂದಿದ್ದರೆ ಬಹುಶಃ ಆಗುತ್ತಿತ್ತು. ತಂದಿರಲಿಲ್ಲ. ದಡದಲ್ಲೇ ಉಳಿದರು, ನಮ್ಮ ಅಡುಗೆಯವರಾದರು. ಆ ವಾರ ನಾವು ಚೆನ್ನಾಗಿ ಉಂಡದ್ದಕ್ಕೆ ಅದೇ ಕಾರಣ ಅಂತ ಅಕ್ಕ ಈಗಲೂ ಹೇಳ್ತಾರೆ. ನಿಮ್ಮಲ್ಲಿ ಯಾರಿಗಾದರೂ ಕಾಯಿಲೆ ಇದ್ದರೆ ಈ ಕಾಗದ ಅಕ್ಕಿಗಿಂತ ಮುಖ್ಯ.

ಬೆಳಿಗ್ಗೆ ಡೈವ್ ಇದ್ದರೆ ಹೊಟ್ಟೆ ತುಂಬಾ ತಿನ್ನಬಾರದು, ಖಾಲಿ ಹೊಟ್ಟೆಯಲ್ಲೂ ಹೋಗಬಾರದು. ನಾವು ಮೊದಲ ದಿನ ಮೀನು ಸಾರು, ಉಳಿದ ರೊಟ್ಟಿ ಪುಡಿ ಎಲ್ಲ ಹೊಡೆದು ದೋಣಿ ಹತ್ತಿದೆವು. ಅರ್ಧ ಗಂಟೆಯ ಅಲೆಯಲ್ಲಿ ಅದೆಲ್ಲ ಮೀನುಗಳಿಗೇ ವಾಪಸ್ ಹೋಯಿತು. ಆಮೇಲೆ ತರಬೇತುದಾರರು ಹೇಳಿದ ಹಾಗೆ ಮಾಡಿದೆವು. ಹೊರಡುವ ಒಂದೂವರೆ ಗಂಟೆ ಮೊದಲು ಎರಡು ದೋಸೆ ಅಥವಾ ಅವಲಕ್ಕಿ, ಒಂದು ಬಾಳೆಹಣ್ಣು. ಎಣ್ಣೆ, ಖಾರ ಇಲ್ಲ. ದೋಣಿಯಲ್ಲಿ ಖರ್ಜೂರ, ಹುರಿಗಡಲೆ. ನೀರು ಧಾರಾಳ ಕುಡಿಯಬೇಕು. ಮೈಯಲ್ಲಿ ನೀರು ಕಡಿಮೆಯಾದರೆ ಆಳದಿಂದ ಮೇಲೆ ಬಂದ ಮೇಲೆ ರಕ್ತದಲ್ಲಿ ಸಾರಜನಕದ ಗುಳ್ಳೆ ಕಟ್ಟುವ ಅಪಾಯ ಹೆಚ್ಚು ಎನ್ನುತ್ತಾರೆ. ಬಿಸಿಲು, ಉಪ್ಪುಗಾಳಿ, ಸಿಲಿಂಡರಿನ ಒಣ ಗಾಳಿ, ಮೂರೂ ಸೇರಿ ಬಾಯಿ ಒಣಗಿಸುತ್ತವೆ. ಮಧ್ಯಾಹ್ನ ಹಿಂದೆ ಬಂದಾಗ ಆಗುವ ಹಸಿವು ಮಾತ್ರ ರಮಳಾನಿನ ಮಗ್ರಿಬ್ ಹೊತ್ತಿನದು. ಅಷ್ಟು ಹೊತ್ತಿಗೆ ಅನ್ನ ತಯಾರಿರದಿದ್ದರೆ ಮಕ್ಕಳು ಚಿಪ್ಸ್ ಪ್ಯಾಕೆಟಿಗೆ ಕೈ ಹಾಕ್ತಾರೆ. ಆದ್ದರಿಂದ ಒಬ್ಬರಾದರೂ ದಡದಲ್ಲಿರುವುದು ಒಳ್ಳೆಯದು, ಇಲ್ಲವಾದರೆ ಬೆಳಿಗ್ಗೆಯೇ ಗಂಜಿ, ಹೆಸರುಕಾಳಿನ ಪಲ್ಯ ಮಾಡಿಡಿ.

ಸಲಕರಣೆಯಲ್ಲಿ ಸ್ವಂತದ್ದು ಬೇಕಾದದ್ದು ಮಾಸ್ಕ್ ಒಂದೇ. ಉಳಿದದ್ದು ಅಲ್ಲಿ ಬಾಡಿಗೆಗೆ ಸಿಗ್ತದೆ. ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತರೆ ಮಾತ್ರ ನೀರು ನುಗ್ಗುವುದಿಲ್ಲ. ಗಡ್ಡದಿಂದ ತೊಂದರೆಯಿಲ್ಲ, ದಪ್ಪ ಮೀಸೆ ಇದ್ದರೆ ಅಲ್ಲಿಂದ ನೀರು ಒಸರುತ್ತದೆ. ಗಡ್ಡ ಬಿಟ್ಟು ಮೀಸೆ ಕತ್ತರಿಸುವ ನಮ್ಮಂಥ ಮದ್ರಸದ ಉಸ್ತಾದರಿಗೆ ಇದೊಂದು ಅನುಕೂಲವೇ ಆಯಿತು! ಹೆಣ್ಣುಮಕ್ಕಳ ಬಟ್ಟೆಯ ಬಗ್ಗೆ ಚಿಂತೆ ಬೇಡ, ಡೈವಿಂಗಿನ ಉಡುಪೇ ಕುತ್ತಿಗೆಯಿಂದ ಪಾದದವರೆಗೆ ಇರುತ್ತದೆ.

ಮೀನಿನ ವಿಷಯಕ್ಕೆ ಬರೋಣ. ನಮ್ಮ ಧಕ್ಕೆಯ ಹಾಗೆ ಬುಟ್ಟಿ ಬುಟ್ಟಿ ಬೂತಾಯಿ, ಬಂಗುಡೆ ಅಲ್ಲಿ ಕಾಣಲಿಕ್ಕಿಲ್ಲ. ಅಲ್ಲಿನ ರಾಜ ಚೂರ, ಅಂದರೆ ನಾವು ಕೇದರ ಎನ್ನುವ ಮೀನಿನ ಜಾತಿ. ಬಲೆಯಲ್ಲಲ್ಲ, ಗಳದಲ್ಲಿ ಹಿಡಿಯುತ್ತಾರೆ. ಲಗೂನಿನಲ್ಲಿ ಸಣ್ಣ ಮೀನು ಹಿಡಿದು ದೋಣಿಯಲ್ಲೇ ಜೀವಂತ ಇಟ್ಟುಕೊಂಡು, ಹೊರ ಸಮುದ್ರದಲ್ಲಿ ಗುಂಪು ಕಂಡಾಗ ಅದನ್ನು ಎರಚುತ್ತಾರೆ, ಚೂರ ಮೇಲೆದ್ದಾಗ ಒಂದೊಂದಾಗಿ ಗಳದಿಂದ ಎತ್ತಿ ಹಾಕುತ್ತಾರೆ. ದೋಣಿ ಮರಳುವ ಹೊತ್ತಿಗೆ ದಡಕ್ಕೆ ಹೋಗಿ ನಿಂತರೆ ಒಂದು ಇಡೀ ಮೀನು ಸಿಗ್ತದೆ. ಕೆಲವೊಮ್ಮೆ ಹಣ ತೆಗೆದುಕೊಳ್ಳುವುದೇ ಇಲ್ಲ. ಒತ್ತಾಯ ಮಾಡಿ ಕೊಡಬೇಕು.

ಇಲ್ಲೊಂದು ಎಚ್ಚರಿಕೆ. ನಾವು ಒಂದು ಸಂಜೆ ಹಾಗೆ ತಂದ ಮೀನನ್ನು ಚೀಲದಲ್ಲೇ ಇಟ್ಟು ಸೂರ್ಯಾಸ್ತ ನೋಡಲು ಹೋದೆವು. ಬಂದು ಕತ್ತರಿಸಲು ಕೂತಾಗ ಮನೆಯೊಡತಿ ಮುಟ್ಟಿ ನೋಡಿ ಬೇಡವೇ ಬೇಡ ಅಂದರು. ವಾಸನೆ ಏನೂ ಬರ್ತಿರಲಿಲ್ಲ. ನಮಗೆ ಹೊಟ್ಟೆ ಉರಿಯಿತು, ಎರಡು ಕಿಲೋ ಮೀನು ಮಾರ್ರೆ! ಆದರೆ ಅವರು ಹೇಳಿದ್ದು ಸರಿ. ಚೂರ ಜಾತಿಯ ಮೀನು ಐಸಿಲ್ಲದೆ ಬಿಸಿಗೆ ಬಿದ್ದರೆ ಅದರ ಮಾಂಸದಲ್ಲಿ ಹಿಸ್ಟಮಿನ್ ಎಂಬ ಅಂಶ ಹೆಚ್ಚುತ್ತದೆ. ಬೇಯಿಸಿದರೂ ಹುರಿದರೂ ಅದು ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪಾಗಿ, ನಾಲಗೆ ಚುರುಚುರು ಎಂದು, ಮೈಯೆಲ್ಲ ದದ್ದು, ತಲೆನೋವು, ವಾಂತಿ. ಮರುದಿನ ಡೈವ್ ಇರುವವರಿಗೆ ಇದಾದರೆ ಮುಗಿಯಿತು. ಮೀನು ಕೈಗೆ ಬಂದ ಕೂಡಲೇ ಐಸಿಗೆ ಹಾಕಿ, ಇಲ್ಲವೇ ನೇರ ಒಲೆಗೆ.

ಉಳಿದ ಚೂರವನ್ನು ದ್ವೀಪದವರು ಮಾಸ್ ಮಾಡುತ್ತಾರೆ. ಸೀಳಿ, ಬೇಯಿಸಿ, ಹೊಗೆಗಿಟ್ಟು, ಬಿಸಿಲಲ್ಲಿ ಒಣಗಿಸಿದರೆ ಮರದ ತುಂಡಿನ ಹಾಗೆ ಗಟ್ಟಿ. ತಿಂಗಳುಗಟ್ಟಲೆ ಇರುತ್ತದೆ. ಅದನ್ನು ಕುಟ್ಟಿ, ಈರುಳ್ಳಿ, ಕಾಯಿತುರಿ, ಮೆಣಸು ಹಾಕಿ ಕಲಸಿದರೆ ಗಂಜಿಗೆ ಬೇರೇನೂ ಬೇಡ. ತರಕಾರಿ ಇಲ್ಲದ ದಿನ ನಮ್ಮನ್ನು ಕಾಪಾಡಿದ್ದು ಇದೇ. ಒಂದು ಊಟಕ್ಕೆ ಒಂದು ಬೆರಳುದ್ದದ ತುಂಡು ಸಾಕು. ಮನೆಯಿಂದ ಒಣಮೀನು ಕಟ್ಟಿಕೊಂಡು ಹೋಗುವ ಆಲೋಚನೆ ಇದ್ದರೆ ಬಿಟ್ಟುಬಿಡಿ, ಅಲ್ಲಿಂದಲೇ ಮಾಸ್ ತನ್ನಿ.

ತೆಂಗಿನಕಾಯಿ ಬಗ್ಗೆ ಒಂದು ಮಾತು. ದಾರಿಯಲ್ಲಿ ಬಿದ್ದಿರುವ ಕಾಯಿಯನ್ನು ಹೆಕ್ಕಬೇಡಿ. ಪ್ರತಿ ಮರಕ್ಕೂ ಒಡೆಯರಿದ್ದಾರೆ. ಕೇಳಿದರೆ ಕೊಡುತ್ತಾರೆ, ಹೆಚ್ಚೇ ಕೊಡುತ್ತಾರೆ. ಕೇಳದೆ ಎತ್ತಿದರೆ ಅದು ಬೇರೆ. ಹಾಗೆಯೇ ಹವಳ, ಜೀವಂತ ಚಿಪ್ಪು ತರುವುದು ಕಾನೂನಿನಲ್ಲೇ ಇಲ್ಲ.

ಇಲಿ! ಇದನ್ನು ಹೇಳದಿದ್ದರೆ ಲೇಖನ ಅಪೂರ್ಣ. ಲಕ್ಷದ್ವೀಪದ ತೆಂಗಿಗೆ ದೊಡ್ಡ ಶತ್ರು ಇಲಿ, ಮರದ ತಲೆಯಲ್ಲೇ ಗೂಡು ಮಾಡಿಕೊಂಡಿರುತ್ತದೆ. ರಾತ್ರಿ ಇಳಿದು ಬಂದು ನಮ್ಮ ರಸ್ಕ್ ಮತ್ತು ಹಲ್ವಾದ ಡಬ್ಬದ ಮುಚ್ಚಳ ಕಡಿದುಹಾಕಿತು. ಪ್ಲಾಸ್ಟಿಕ್ ಚೀಲ, ರಟ್ಟಿನ ಪೆಟ್ಟಿಗೆ ಲೆಕ್ಕಕ್ಕೇ ಇಲ್ಲ. ಬಿಗಿ ಮುಚ್ಚಳದ ತಗಡಿನ ಡಬ್ಬ ಎರಡು ಇದ್ದರೆ ಸಾಕು. ಹೋಗುವಾಗ ಅದರಲ್ಲಿ ಅವಲಕ್ಕಿ ತುಂಬಿಸಿ, ಅವಲಕ್ಕಿಯ ನಡುವೆ ಮೊಟ್ಟೆ ಹುದುಗಿಸಿಡಿ, ಒಂದೂ ಒಡೆಯುವುದಿಲ್ಲ. ಇದು ಅಕ್ಕನ ಉಪಾಯ, ಈಗ ಹೊಳೆದದ್ದು.

ಸಾಮಾನು ಕಟ್ಟುವ ಕ್ರಮಕ್ಕೆ ದಾರಿಯೇ ಆಧಾರ. ನಾವು ಹೋಗುವಾಗ ರೈಲಿನಲ್ಲಿ ಕೊಚ್ಚಿಗೆ ಹೋಗಿ ಅಲ್ಲಿಂದ ಹಡಗು, ಬರುವಾಗ ಅಗತ್ತಿಯಿಂದ ವಿಮಾನ. ಇದು ತಿಳಿದು ಮಾಡಿದ್ದಲ್ಲ, ಟಿಕೇಟು ಹಾಗೆ ಸಿಕ್ಕಿತು. ಆದರೆ ಡೈವಿಂಗಿಗೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಕ್ರಮ ಇಲ್ಲ ಎಂದು ನಮಗನ್ನಿಸುತ್ತದೆ. ಹಡಗಿನಲ್ಲಿ ಭಾರದ ಸಾಮಾನು ಒಯ್ಯಬಹುದು. ಹಿಂದೆ ಬರುವಾಗ ತಿಂದು ಖಾಲಿ, ವಿಮಾನದ 15 ಕಿಲೋದೊಳಗೆ ಬರ್ತದೆ. ಹಡಗು ಕೆಲವೊಮ್ಮೆ ಹೊರಗೇ ನಿಂತು ಜನರನ್ನೂ ಗಂಟನ್ನೂ ಸಣ್ಣ ದೋಣಿಗೆ ಇಳಿಸುತ್ತದೆ. ಅಲೆಯಲ್ಲಿ ಏರಿಳಿಯುವ ದೋಣಿಗೆ ಒಬ್ಬರ ಕೈಯಿಂದ ಒಬ್ಬರಿಗೆ ಚೀಲ ದಾಟಿಸಬೇಕು. ನಮ್ಮ ಹನ್ನೆರಡು ಕಿಲೋದ ಅಕ್ಕಿ ಚೀಲ ದಾಟಿಸುವಾಗ ಭಾವ ಮತ್ತು ಚೀಲ ಇಬ್ಬರೂ ನೀರಿಗೆ ಹೋಗುವುದು ಕೂದಲೆಳೆಯಲ್ಲಿ ತಪ್ಪಿತು. ಯಾವ ಗಂಟೂ ಏಳೆಂಟು ಕಿಲೋ ಮೀರಬಾರದು, ಎಲ್ಲದಕ್ಕೂ ಹಿಡಿಕೆ ಬೇಕು, ಒಳಗೆ ಇನ್ನೊಂದು ಪ್ಲಾಸ್ಟಿಕ್ ಸುತ್ತು ಬೇಕು.

ವಿಮಾನದಲ್ಲಿ ಬರುವಾಗ ಕ್ಯಾಂಪಿನ ಸಣ್ಣ ಗ್ಯಾಸ್ ಡಬ್ಬಿ, ಬೆಂಕಿಪೊಟ್ಟಣ ಆಗುವುದಿಲ್ಲ. ಡೈವಿಂಗ್ ಟಾರ್ಚಿನ ಹೆಚ್ಚುವರಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು. ಒಣ ಕೊಬ್ಬರಿಗೆ ತಕರಾರು ಮಾಡುತ್ತಾರೆ, ಮೊದಲೇ ವಿಚಾರಿಸಿ. ಕೊನೆಯ ಡೈವ್ ಮಾಡಿ 18 ಗಂಟೆಯಾದರೂ ಕಳೆಯದೆ ವಿಮಾನ ಹತ್ತಬಾರದು. ಆದ್ದರಿಂದ ಕೊನೆಗೆ ಒಂದು ಖಾಲಿ ದಿನ ಇರಲೇಬೇಕು. ದ್ವೀಪದಿಂದ ದ್ವೀಪಕ್ಕೆ ಹೋಗುವ ದೋಣಿ ಗಾಳಿ ಜೋರಾದರೆ ಹೊರಡುವುದಿಲ್ಲ, ಅದಕ್ಕೆ ಇನ್ನೊಂದು ದಿನ. ಈ ಎರಡು ದಿನದ ಊಟವನ್ನು ನಾವು ಲೆಕ್ಕ ಹಾಕಿರಲಿಲ್ಲ. ಗಾಳಿಗೆ ದೋಣಿ ನಿಂತ ದಿನ ನಮ್ಮಲ್ಲಿ ಉಳಿದಿದ್ದದ್ದು ನೂಡಲ್ಸ್ ಮತ್ತು ಸಕ್ಕರೆ. ಮನೆಯೊಡತಿ ಕೇಳದೆಯೇ ಅನ್ನ, ಚೂರದ ಸಾರು, ತೆಂಗಿನ ಬೆಲ್ಲ ಹಾಕಿದ ದ್ವೀಪುಂಡೆ ಕಳಿಸಿದರು. ಆ ಸಾರಿನಲ್ಲಿ ಈರುಳ್ಳಿ ಇರಲಿಲ್ಲ. ನಾವು ಗಮನಿಸಿದೆವು, ಯಾರೂ ಬಾಯಿ ಬಿಡಲಿಲ್ಲ.

ಪ್ರವೇಶದ ಅನುಮತಿ ಪತ್ರ ಇಲ್ಲದೆ ಹೊರಗಿನವರು ಅಲ್ಲಿ ಕಾಲಿಡುವಂತಿಲ್ಲ. ಪೊಲೀಸ್ ಕ್ಲಿಯರೆನ್ಸ್, ದ್ವೀಪದವರೊಬ್ಬರ ಜಾಮೀನು ಇತ್ಯಾದಿ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಎರಡು ತಿಂಗಳು ಮೊದಲೇ ಶುರು ಮಾಡಿ. ಮೇ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಹೋಗುವ ಆಲೋಚನೆಯೇ ಬೇಡ.

ಈಗ ಸರಿಯಾದ ಚೀಲ ಹೇಗಿರಬೇಕು? ನಮ್ಮ ಉಮ್ಮ ಇದನ್ನು ಕೇಳಿ ನಕ್ಕರು. "ಮಳೆಗಾಲಕ್ಕೆ ಇಡ್ತಿದ್ದದ್ದನ್ನೇ ಕಟ್ಟಿಕೊಂಡು ಹೋಗಿದ್ದರೆ ಮುಗೀತಿತ್ತು" ಅಂದರು. ಎಷ್ಟು ಸರಿ! ಆಗ ಮೇ ತಿಂಗಳಲ್ಲೇ ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಪಕ್ಕಾಸಿಗೆ ನೇತುಹಾಕುತ್ತಿದ್ದರು. ಕುಂಬಳ, ಸಿಹಿಗುಂಬಳ ಅಟ್ಟದ ಮೇಲೆ. ಸುವರ್ಣಗಡ್ಡೆ ಮೂಲೆಯಲ್ಲಿ. ಹುರುಳಿ, ಹೆಸರು ಡಬ್ಬದಲ್ಲಿ, ಹಲಸಿನ ಸೊಳೆ ಉಪ್ಪಿನಲ್ಲಿ, ಮಾವು ಉಪ್ಪುನೀರಿನಲ್ಲಿ. ಫ್ರಿಜ್ ಇರಲಿಲ್ಲ, ಮೂರು ತಿಂಗಳು ಏನೂ ಹಾಳಾಗುತ್ತಿರಲಿಲ್ಲ. ಕತ್ತರಿಸದ ಸೌತೆ, ಕುಂಬಳ ಹಡಗಿಗೂ ಹೆದರುವುದಿಲ್ಲ, ಇಲಿಗೂ ಅಷ್ಟಾಗಿ ರುಚಿಸುವುದಿಲ್ಲ.

ಆರು ಮಂದಿಗೆ, ಎಂಟು ದಿನ ಮತ್ತು ಎರಡು ಹೆಚ್ಚಿನ ದಿನಕ್ಕೆ ನಾವು ಈಗ ಬರೆದಿಟ್ಟಿರುವುದು ಹೀಗೆ. ಈರುಳ್ಳಿ ನಾಲ್ಕು ಕಿಲೋ, ಬಟಾಟೆ ಮೂರು, ದೊಡ್ಡ ಮಂಗಳೂರು ಸೌತೆ ಮೂರು, ಸಿಹಿಗುಂಬಳ ಒಂದು, ಸುವರ್ಣಗಡ್ಡೆ ಎರಡು ಕಿಲೋ. ಬೆಳ್ಳುಳ್ಳಿ, ಶುಂಠಿ, ಲಿಂಬೆ. ಹೆಸರುಕಾಳು ಒಂದು ಕಿಲೋ, ಅದನ್ನು ಮೊಳಕೆ ಬರಿಸಿದರೆ ಹಸಿ ತರಕಾರಿ ಇಲ್ಲದ ಕೊರತೆ ನೀಗುತ್ತದೆ. ಮಸೂರ್, ಕಡಲೆ ಒಂದೊಂದು ಕಿಲೋ. ಅವಲಕ್ಕಿ, ಅಕ್ಕಿ ಹಿಟ್ಟು, ಖರ್ಜೂರ, ಹುರಿಗಡಲೆ, ಹಾಲಿನ ಪುಡಿ. ಹುರಿದು ಪುಡಿ ಮಾಡಿದ ಮಸಾಲೆ. ಎಲ್ಲ ಸೇರಿ 30 ಕಿಲೋದೊಳಗೆ, ತಲೆಗೆ ಐದು. ನಮ್ಮ ಅಕ್ಕಿ, ಎಣ್ಣೆ, ಬೇಕರಿ ಸಾಮಾನಿಗಿಂತ ಹೆಚ್ಚೇನೂ ಭಾರ ಇಲ್ಲ. ಅಲ್ಲಿ ಕೊಳ್ಳುವುದು ಅಕ್ಕಿ, ಸಕ್ಕರೆ, ಕಾಯಿ, ಎಣ್ಣೆ, ಮೀನು, ಮಾಸ್. ತರಕಾರಿ ಬೇಕೇಬೇಕು ಎಂದಾದರೆ ದೋಣಿ ಬಂದ ಮರುದಿನ, ಅದೂ ಆ ದಿನಕ್ಕೆ ಬೇಕಾದಷ್ಟೇ. ಖಾಲಿ ಪ್ಯಾಕೆಟ್, ಬಾಟಲಿ, ಬ್ಯಾಟರಿ ಹಿಂದೆ ತರಲಿಕ್ಕೆ ಒಂದು ಗಟ್ಟಿ ಚೀಲ. ಆ ಸಪೂರ ದ್ವೀಪದಲ್ಲಿ ಕಸ ಹೂಳಲಿಕ್ಕೆ ಜಾಗವೆಲ್ಲಿದೆ?

ಆ ದಿನ ಹುಡುಗಿಯ ಬಟ್ಟಲಿಗೆ ಎರಡಲ್ಲ, ಹಿಡಿಸುವಷ್ಟು ಈರುಳ್ಳಿ ತುಂಬಿಸಿದೆವು. ಮೂರು ಕಿಲೋದಷ್ಟು ಉಳಿದಿತ್ತು. ಭಾವ ಅದರಲ್ಲಿ ಎರಡು ಕಿಲೋವನ್ನು ಚೀಲ ಸಮೇತ ಎತ್ತಿಕೊಂಡು ಅಂಗಡಿಗೆ ಹೋದರು. ಅಂಗಡಿಯವರು ಮೊದಲು ಒಪ್ಪಲಿಲ್ಲ. ಆಮೇಲೆ ತಕ್ಕಡಿಯಲ್ಲಿಟ್ಟು ತೂಗಿ, ನಾವು ಕೊಟ್ಟ ಹಣವನ್ನೇ ಲೆಕ್ಕ ಮಾಡಿ ವಾಪಸ್ ಕೊಟ್ಟರು. ಒಂದು ರೂಪಾಯಿ ಕಡಿಮೆಯಿಲ್ಲ. ಭಾವ ಬೇಡ ಅಂದದ್ದಕ್ಕೆ ಅವರಿಗೆ ಬೇಸರವೇ ಆಯಿತಂತೆ. ಸಂಜೆಯೊಳಗೆ ಆ ಎರಡು ಕಿಲೋ ಮುಗಿದಿತ್ತು.

ಅಕ್ಕನ ಮಕ್ಕಳು ಬರುವ ಫೆಬ್ರವರಿಗೆ ಮತ್ತೆ ಹೊರಟಿದ್ದಾರೆ. ಈ ಸಲ ಭಾವನ ಡಾಕ್ಟರ್ ಕಾಗದವೂ ತಯಾರಾಗಿದೆ. ಮೊನ್ನೆ ಫೋನಿನಲ್ಲಿ ಮನೆಯೊಡತಿಗೆ ನಿಮಗೇನು ತರಬೇಕು ಎಂದು ಕೇಳಿದೆವು. ಏನೂ ಬೇಡ ಅಂದರು. ಮತ್ತೆ ಮತ್ತೆ ಕೇಳಿದ ಮೇಲೆ, ತೊಂದರೆಯಿಲ್ಲದಿದ್ದರೆ ಎರಡು ಮಂಗಳೂರು ಸೌತೆ ತನ್ನಿ, ಬೀಜಕ್ಕೆ ಆಗುವಂಥದ್ದು, ಅಂದರು. ಹಿತ್ತಿಲಲ್ಲಿ ಹಾಕಿ ನೋಡ್ತಾರಂತೆ. ಉಮ್ಮ ಚೆನ್ನಾಗಿ ಬಲಿತದ್ದು ಎರಡನ್ನು ಆರಿಸಿ, ನಾರು ಸಿಗದ್ದಕ್ಕೆ ಹಳೇ ಶಾಲಿನ ತುಂಡಿನಲ್ಲಿ ಕಟ್ಟಿ, ಅಡುಗೆಮನೆಯ ಕಿಟಕಿಗೆ ನೇತುಹಾಕಿದ್ದಾರೆ.